‘ಸಂಶೋಧನೆ ಮತ್ತು ಅಭಿವೃದ್ಧಿ’: ಇಲ್ಲಿ ‘ಅಭಿವೃದ್ಧಿ’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನಮ್ಮ ಬಡಾವಣೆಯ ಗ್ರಂಥಾಲಯದ ಗೋಡೆಪತ್ರಿಕೆಗೆ ಸರ್ಕಾರಿ ಪ್ರಯೋಗಾಲಯಗಳ ಬಗ್ಗೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ: ‘ದೇಶದ ಅಭಿವೃದ್ಧಿಗೆ ಸಂಶೋಧನೆ ಮತ್ತು ಅಭಿವೃದ್ಧಿ ಬೇಕು.’ ಓದಿದ ಒಂಬತ್ತನೇ ಕ್ಲಾಸಿನ ಹುಡುಗಿ, ‘ಅಭಿವೃದ್ಧಿಗೆ ಅಭಿವೃದ್ಧಿ ಬೇಕಾ ಆಂಟಿ?’ ಎಂದಳು. ಉತ್ತರ ಹೊಳೆಯಲಿಲ್ಲ.

ಮೊದಲನೆಯದು ರಸ್ತೆ, ನೀರು, ಆರೋಗ್ಯ, ದುಡಿಮೆ. ಎರಡನೆಯದು ಬೇರೆಯೇ: ಪ್ರಯೋಗಾಲಯದಲ್ಲಿ ಒಮ್ಮೆ ಆದದ್ದು ಕಾರ್ಖಾನೆಯಲ್ಲಿ ದಿನವೂ ಆಗುವಂತೆ ಮಾಡುವುದು. ಮತದಾನದ ಶಾಯಿಯನ್ನೇ ನೋಡಿ. ಕೇಂದ್ರ ಸರ್ಕಾರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ (ಸಿಎಸ್‌ಐಆರ್) ಸೇರಿದ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದನ್ನು ರೂಪಿಸಿತು. 1962ರ ಮಹಾಚುನಾವಣೆಯಿಂದ ತಯಾರಿಸುತ್ತಿರುವುದು ನಮ್ಮ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗುತ್ತದೆಂಬುದು ಹಳೆಯ ತಿಳಿವಳಿಕೆ. ಆದರೆ ಶಾಯಿ ಬೇಗ ಒಣಗಬೇಕು, ಸೋಪಿಗೆ ಹೋಗಬಾರದು, ಬೆರಳು ಸುಡಬಾರದು, ಸಾವಿರಾರು ಬಾಟಲಿಗಳಲ್ಲೂ ಒಂದೇ ಥರ ಇರಬೇಕು. ಈ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ?

‘ವಿಕಾಸ’ ಹಿಂದಿಗೆ ಸರಿ, ನಮಗೆ ಅದು ಜೀವವಿಕಾಸ. ಪೀಣ್ಯದ ಮೆಷಿನ್ ಶಾಪಿನಲ್ಲಿ ‘ಪೀಸ್ ಡೆವಲಪ್ ಮಾಡ್ತಿದೀವಿ’ ಅನ್ನುತ್ತಾರೆ, ಯಾರೂ ‘ಅಭಿವೃದ್ಧಿ’ ಅನ್ನುವುದನ್ನು ನಾನು ಕೇಳಿಲ್ಲ.

ನನ್ನ ಒಲವು ‘ಹದಗೊಳಿಸು’ ಕಡೆಗೆ. ಬೆಲ್ಲದ ಪಾಕಕ್ಕೆ ಹದ ಉಂಟು, ಉಳುವ ಮಣ್ಣಿಗೂ ಉಂಟು. ಚರ್ಮ ಹದ ಮಾಡುವುದಂತೂ ಕೈಗಾರಿಕೆಯೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎಮ್ಮೆ ಹಾಲಿನಿಂದ ಹಸುಗೂಸುಗಳ ಆಹಾರ ಮಾಡುವ ವಿಧಾನ ಕಂಡುಕೊಂಡಿತಲ್ಲ, ಆ ಗಟ್ಟಿ ಹಾಲನ್ನು ಕೂಸಿಗೆ ಒಗ್ಗುವಂತೆ ‘ಹದಗೊಳಿಸಿದರು’ ಎಂದರೆ ನಮ್ಮಜ್ಜಿಗೂ ತಿಳಿಯುತ್ತಿತ್ತು. ಆದರೆ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನವರು ‘ಹಂಸ’ ಎಂಬ ಪುಟ್ಟ ತರಬೇತಿ ವಿಮಾನವನ್ನು ‘ಹದಗೊಳಿಸಿದರು’ ಅಂದರೆ ಕಿವಿ ಒಪ್ಪುತ್ತಿಲ್ಲ.

ಇಷ್ಟು ಹಟ ಯಾಕೆಂದರೆ, ಹೆಸರಿಲ್ಲದ ಕೆಲಸ ಜನರ ಕಣ್ಣಿಗೆ ಬೀಳುವುದಿಲ್ಲ. ‘ಸಂಶೋಧನೆಗೆ ಇಷ್ಟು ಕೋಟಿ’ ಎಂದು ಪೇಪರಿನಲ್ಲಿ ಓದಿದವರು, ಕಂಡುಹಿಡಿದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ನಮ್ಮ ತೆರಿಗೆ ದುಡ್ಡೂ ವರ್ಷಗಳೂ ಆಮೇಲಿನ ಹಂತದಲ್ಲೂ ಕರಗುತ್ತವೆ.

ಎಚ್ಎಎಲ್, ಎಚ್ಎಂಟಿ, ಬಿಇಎಲ್‌ಗಳಲ್ಲಿ ದುಡಿದ ಹಿರಿಯರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಹೊಸ ಭಾಗವೊಂದು ಮೊದಲ ಸಲ ಕೆಟ್ಟು, ತಿದ್ದಿ, ಕೊನೆಗೆ ಸರಿಯಾಗಿ ಕೂರುವವರೆಗಿನ ಕೆಲಸವನ್ನು ನಿಮ್ಮ ನಿಮ್ಮಲ್ಲಿ ಕನ್ನಡದಲ್ಲಿ ಏನೆಂದು ಕರೆಯುತ್ತಿದ್ದಿರಿ?