ಎಸ್‌ಬಿಐಆರ್ ಗ್ರಾಂಟ್‌ಗೆ ಅರ್ಜಿ ಹಾಕೋ ಮೊದಲೇ ಕೆಲಸ ಬಿಡಬೇಕಾ?

ಪ್ರಶ್ನೆ:
ಮೇಡಂ, ನಮಸ್ಕಾರ. ಊರು ದಾವಣಗೆರೆ, ಈಗ ಇರೋದು ಒಹಾಯೊದ ಕೊಲಂಬಸ್‌ನಲ್ಲಿ. ಹನ್ನೊಂದು ವರ್ಷದಿಂದ ಬ್ಯಾಟರಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಹಳೆಯ ಎಲೆಕ್ಟ್ರಿಕ್ ಕಾರಿನ ಲಿಥಿಯಂ ಸೆಲ್ ಒಳಗೆ ಎಷ್ಟು ಸವೆದಿದೆ ಅಂತ, ಅದನ್ನು ಬಿಚ್ಚದೆ, ಅಲ್ಟ್ರಾಸೌಂಡ್ ಹಾಯಿಸಿ ತಿಳಿಯುವ ಒಂದು ಉಪಾಯ ನನಗೂ ನನ್ನ ಸ್ನೇಹಿತನಿಗೂ ಹೊಳೆದಿದೆ. ಇಲ್ಲಿನ ಇಂಧನ ಇಲಾಖೆ ಸಣ್ಣ ಕಂಪನಿಗಳ ಸಂಶೋಧನೆಗೆ ದುಡ್ಡು ಕೊಡುತ್ತದೆ, ವಾಪಸ್ ಕಟ್ಟಬೇಕಿಲ್ಲ, ಷೇರೂ ಕೇಳಲ್ಲ ಅಂತಾರೆ. ನಿಜಾನಾ? ನನಗೆ ಗ್ರೀನ್ ಕಾರ್ಡ್ ಇದೆ, ಸ್ನೇಹಿತ ಎಚ್-1ಬಿ. ಮನೆ ಸಾಲ ಇರೋದರಿಂದ ಕೆಲಸ ಬಿಡೋಕೆ ಭಯ.

ಉತ್ತರ:
ನಿಜ. ಇದರ ಹೆಸರೇ ಎಸ್‌ಬಿಐಆರ್, ಅಂದರೆ ಸಣ್ಣ ಕಂಪನಿಗಳ ಹೊಸ ಸಂಶೋಧನೆಗೆ ಅಮೆರಿಕ ಸರ್ಕಾರ ದುಡ್ಡು ಕೊಡುವ ಯೋಜನೆ. ಸಣ್ಣ ಕಂಪನಿಗಳಿಗೆ ಇಂಥ ಅರ್ಜಿ ಸಿದ್ಧ ಮಾಡಿಕೊಡುವುದು, ಗ್ರಾಂಟ್ ಬಂದ ಮೇಲೆ ಲೆಕ್ಕ ನೋಡಿಕೊಳ್ಳುವುದು ನನ್ನ ದಿನದ ಕೆಲಸ. ಭಯದ ವಿಷಯ ಮೊದಲು ಹೇಳಿಬಿಡುತ್ತೇನೆ. ಅರ್ಜಿ ಹಾಕುವ ದಿನ ನೀವು ಕೆಲಸ ಬಿಟ್ಟಿರಬೇಕಿಲ್ಲ. ಗ್ರಾಂಟ್ ಶುರುವಾಗುವ ದಿನ ಮತ್ತು ಪ್ರಾಜೆಕ್ಟ್ ನಡೆಯುವಷ್ಟು ಕಾಲ, ಮುಖ್ಯ ಸಂಶೋಧಕರ, ಅಂದರೆ ಪಿಐ ಅವರ, ಅರ್ಧಕ್ಕಿಂತ ಜಾಸ್ತಿ ದುಡಿಮೆ ನಿಮ್ಮ ಸಣ್ಣ ಕಂಪನಿಯಲ್ಲಿ ಇರಬೇಕು. ಅರ್ಜಿ ಹಾಕಿ ದುಡ್ಡು ಬರೋಕೆ ಅರ್ಧ ವರ್ಷದ ಹತ್ತಿರ ಹಿಡಿಯುತ್ತದೆ, ಅಷ್ಟು ದಿನ ಸಂಬಳ ಬಿಡಬೇಡಿ. ಆದರೆ ಈಗಿನ ಕಂಪನಿಗೆ ಸೇರುವಾಗ ಸಹಿ ಹಾಕಿದ ಕಾಗದ ಇವತ್ತೇ ತೆಗೆದು ಓದಿ. ನೀವು ಕಂಡುಹಿಡಿದದ್ದೆಲ್ಲ ಅವರಿಗೇ ಸೇರಬೇಕು ಅಂತ ಅದರಲ್ಲಿ ಇದ್ದರೆ, ಮುಂದಿನ ಹೆಜ್ಜೆ ಇಡುವ ಮೊದಲು ವಕೀಲರನ್ನು ನೋಡಬೇಕು.

ಇನ್ನು ವೀಸಾ. ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಅಮೆರಿಕದ ಪ್ರಜೆಗಳ ಅಥವಾ ಗ್ರೀನ್ ಕಾರ್ಡ್ ಇರುವವರ ಕೈಯಲ್ಲಿ ಇರಬೇಕು, ಹತೋಟಿಯೂ ಅವರದ್ದೇ ಆಗಿರಬೇಕು. ಸ್ನೇಹಿತರಾದರೂ ಫಿಫ್ಟಿ-ಫಿಫ್ಟಿ ಮಾಡಿಕೊಳ್ಳಬೇಡಿ, ಅರ್ಧ ಅಂದರೆ ಅರ್ಧಕ್ಕಿಂತ ಹೆಚ್ಚು ಆಗುವುದಿಲ್ಲ! ನಿಮ್ಮದು 51 ಇರಲಿ. ಅವರ ಎಚ್-1ಬಿ ಬೇರೆ ಕಂಪನಿಯ ಹೆಸರಲ್ಲಿ ಇರುವಾಗ, ಸಂಜೆ ಹೊತ್ತು ಸುಮ್ನೆ ಸಹಾಯ ಅಂತಲೂ ನಿಮ್ಮಲ್ಲಿ ದುಡಿಯುವಂತಿಲ್ಲ. ಇದನ್ನೂ ವಲಸೆ ವಕೀಲರ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ಮರುಪ್ರಶ್ನೆ:
ಥ್ಯಾಂಕ್ಸ್ ಮೇಡಂ, ಅರ್ಧ ಭಾರ ಇಳಿಯಿತು. ಎಷ್ಟು ದುಡ್ಡು ಸಿಗುತ್ತೆ? ಅರ್ಜಿಯಲ್ಲಿ ಏನು ಬರೆದರೆ ಸಿಗುತ್ತೆ?

ಉತ್ತರ:
ಇಂಧನ ಇಲಾಖೆಯಲ್ಲಿ ಫೇಸ್ 1ಕ್ಕೆ, ಅಂದರೆ ಉಪಾಯ ನಡೆಯುತ್ತಾ ಅಂತ ಪರೀಕ್ಷಿಸುವ ಮೊದಲ ಹಂತಕ್ಕೆ, ವಿಷಯ ನೋಡಿಕೊಂಡು ಸುಮಾರು 2 ಲಕ್ಷದಿಂದ 2.5 ಲಕ್ಷ ಡಾಲರ್. ಅದು ಗೆದ್ದರೆ ಮುಂದಿನ ಹಂತವಾದ ಫೇಸ್ 2ಕ್ಕೆ ಎರಡು ವರ್ಷಕ್ಕೆ 11 ಲಕ್ಷ ಡಾಲರ್ ಅಥವಾ ಅದಕ್ಕೂ ಜಾಸ್ತಿ. ಫೇಸ್ 3 ಅಂದರೆ ಮಾರುಕಟ್ಟೆಗೆ ಹೋಗುವುದು, ಅದಕ್ಕೆ ಈ ಯೋಜನೆಯ ದುಡ್ಡಿಲ್ಲ. ಇದು 1982ರ ಕಾನೂನಿಂದ ಬಂದ ಯೋಜನೆ. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವ ಪ್ರತಿ ಕೇಂದ್ರ ಇಲಾಖೆಯೂ ಅದರಲ್ಲಿ 3.2% ಸಣ್ಣ ಕಂಪನಿಗಳಿಗೆ ಎತ್ತಿಡಬೇಕು.

ಏನು ಬರೆಯಬೇಕು ಅಂತ ಕೇಳಿದಿರಿ. ನನ್ನ ಹತ್ತಿರ ಬರುವ ಹತ್ತು ಕರಡುಗಳಲ್ಲಿ ಎಂಟು 'ನಮ್ಮ ಕ್ರಾಂತಿಕಾರಿ ಉತ್ಪನ್ನ' ಅಂತ ಶುರುವಾಗುತ್ತವೆ. ಹೂಡಿಕೆದಾರರಿಗೆ ಅದು ಸರಿ. ಇಲ್ಲಿ ಓದುವವರು ಆ ವಿಷಯ ಬಲ್ಲ ವಿಜ್ಞಾನಿಗಳು. ಫೇಸ್ 1 ದುಡ್ಡು ಸಿಗುವುದು ನಿಮಗಿರುವ ಒಂದು ಅನುಮಾನಕ್ಕೆ. ಅದು ಎಷ್ಟು ಖಚಿತವಾಗಿದೆಯೋ ಅರ್ಜಿ ಅಷ್ಟು ಗಟ್ಟಿ.

ನಿಮ್ಮದನ್ನೇ ತೆಗೆದುಕೊಳ್ಳಿ. ಸೆಲ್ ಸವೆದಂತೆ ಒಳಗೆ ಗ್ಯಾಸ್ ಕಟ್ಟುತ್ತದೆ, ಪದರಗಳು ಬಿಡುತ್ತವೆ, ಆಗ ಶಬ್ದದ ಅಲೆ ದಾಟುವ ಸಮಯ ಮತ್ತು ಬಲ ಬದಲಾಗುತ್ತದೆ. ಸರಿ. ಆದರೆ ಸೆಲ್ ಎಷ್ಟು ಚಾರ್ಜ್ ಆಗಿದೆ ಅನ್ನುವುದರ ಮೇಲೂ, ಉಷ್ಣತೆಯ ಮೇಲೂ ಅದೇ ಸಮಯ ಬದಲಾಗುತ್ತದೆ ಅಲ್ವಾ? ಸವೆತದಿಂದ ಆದ ಬದಲಾವಣೆ ಯಾವುದು, ಚಾರ್ಜ್‌ನಿಂದ ಆದದ್ದು ಯಾವುದು, ಬೇರೆ ಮಾಡೋಕೆ ಆಗುತ್ತಾ? ಇದೇ ನಿಮ್ಮ ಫೇಸ್ 1. ಇಂತಿಷ್ಟು ಸೆಲ್, ಇಂತಿಷ್ಟು ಉಷ್ಣತೆ, ಇಷ್ಟು ಕರಾರುವಾಕ್ಕಾಗಿ ಹೇಳಲು ಆದರೆ ಗೆದ್ದ ಹಾಗೆ, ಆಗದಿದ್ದರೆ ಇಲ್ಲ ಅಂತ ಬರೆಯಿರಿ. ಸೋಲುವ ಅಳತೆಯನ್ನು ತಾವೇ ಬರೆದವರ ಅರ್ಜಿಯನ್ನು ಓದುವವರು ನಂಬುತ್ತಾರೆ. ಈ ಮಾತನ್ನು ನಾನು ನನ್ನ ಅನುಭವದ ಮೇಲೆ ಹೇಳುತ್ತಿದ್ದೇನೆ.

ಇನ್ನೊಂದು. ಇಂಧನ ಇಲಾಖೆ ಮೊದಲು ವಿಷಯಗಳ ಪಟ್ಟಿ ಹೊರಡಿಸುತ್ತದೆ, ನಿಮ್ಮ ಉಪಾಯ ಅದರೊಳಗೆ ಕೂರಬೇಕು. ಪ್ರತಿ ವಿಷಯದ ಕೆಳಗೆ ಒಬ್ಬ ಅಧಿಕಾರಿಯ ಹೆಸರು ಇರುತ್ತದೆ. ಅವರಿಗೆ ಬರೆದು ಹದಿನೈದು ನಿಮಿಷ ಮಾತಾಡಿ. ನಮ್ಮವರು ಸಂಕೋಚ ಪಟ್ಟು ಇದೊಂದನ್ನೇ ಬಿಡುತ್ತಾರೆ, ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಆಮೇಲೆ ಅರ್ಜಿಗೆ ಮುಂಚೆ 'ಲೆಟರ್ ಆಫ್ ಇಂಟೆಂಟ್', ಅಂದರೆ ಅರ್ಜಿ ಹಾಕುತ್ತೇವೆ ಅಂತ ಮೊದಲೇ ತಿಳಿಸುವ ಪತ್ರ, ಕಳಿಸಲೇಬೇಕು. ಅದರ ಗಡುವು ತಪ್ಪಿದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ.

ಸ್ಯಾಮ್ ನೋಂದಣಿ, ಅಂದರೆ ಅಮೆರಿಕ ಸರ್ಕಾರದಿಂದ ದುಡ್ಡು ಪಡೆಯಲು ಕಂಪನಿ ಹೆಸರು ದಾಖಲಿಸುವ ಕೆಲಸ, ಈ ವಾರವೇ ಶುರು ಮಾಡಿ. ನನ್ನ ಹತ್ತಿರ ಬಂದ ಒಂದು ಕಂಪನಿಯ ಹೆಸರು ಬ್ಯಾಂಕ್ ಕಾಗದದಲ್ಲಿ ಒಂದು ಥರ, ರಾಜ್ಯದ ನೋಂದಣಿಯಲ್ಲಿ ಇನ್ನೊಂದು ಥರ ಇತ್ತು. ವ್ಯತ್ಯಾಸ 'ಎಲ್‌ಎಲ್‌ಸಿ' ಹಿಂದಿನ ಒಂದು ಪದ, ಅಷ್ಟೇ. ಅದನ್ನು ಸರಿ ಮಾಡಿಸೋಕೆ ಐದು ವಾರ ಹೋಯಿತು. ಅಷ್ಟರಲ್ಲಿ ಗಡುವು ದಾಟಿತ್ತು. ಒಳ್ಳೆಯ ಕೆಲಸ ಅದು, ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ಇನ್ನೊಬ್ಬರ ಪ್ರಶ್ನೆ:
ಮೇಡಂ, ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ತಮ್ಮನ ಲ್ಯಾಬ್ ಬೆಂಗಳೂರಿನಲ್ಲಿದೆ, ಖರ್ಚು ಕಡಿಮೆ. ಟೆಸ್ಟಿಂಗ್ ಅಲ್ಲಿ ಮಾಡಿಸಬಹುದಾ? ಅವನೇ ನೇರವಾಗಿ ಅರ್ಜಿ ಹಾಕಬಹುದಾ?

ಉತ್ತರ:
ಎರಡೂ ಆಗಲ್ಲ. ಸಂಶೋಧನೆ ಅಮೆರಿಕದ ನೆಲದಲ್ಲೇ ನಡೆಯಬೇಕು. ತೀರಾ ಅಪರೂಪಕ್ಕೆ ಲಿಖಿತ ಅನುಮತಿ ಕೊಡುತ್ತಾರೆ, ಖರ್ಚು ಕಡಿಮೆ ಅನ್ನುವ ಕಾರಣ ಅದಕ್ಕೆ ಸಾಲದು. ಲ್ಯಾಬ್ ಬೇಕಿದ್ದರೆ ಇಲ್ಲಿನ ಯೂನಿವರ್ಸಿಟಿ ಅಥವಾ ನ್ಯಾಷನಲ್ ಲ್ಯಾಬ್ ಜೊತೆ ಸೇರಿ. ಫೇಸ್ 1ರಲ್ಲಿ ಮೂರನೇ ಒಂದು ಪಾಲು ಕೆಲಸದವರೆಗೆ ಹೊರಗೆ ಕೊಡಬಹುದು. ಎಸ್‌ಟಿಟಿಆರ್ ಅಂತ ಇದರ ಜೋಡಿ ಯೋಜನೆ ಇದೆ. ಅದರಲ್ಲಿ ಕಂಪನಿ ಕನಿಷ್ಠ 40%, ಸಂಶೋಧನಾ ಸಂಸ್ಥೆ ಕನಿಷ್ಠ 30% ಕೆಲಸ ಮಾಡಬೇಕು.

ನಿಮ್ಮ ತಮ್ಮನಿಗೆ ಅಲ್ಲೇ ದಾರಿಗಳಿವೆ. ಮಾದರಿ ತಯಾರಿಸೋಕೆ ಭಾರತ ಸರ್ಕಾರದ ನಿಧಿ-ಪ್ರಯಾಸ್ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಕರ್ನಾಟಕ ಸರ್ಕಾರದ ಸ್ಟಾರ್ಟಪ್ ಯೋಜನೆ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಸಿಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಕೊನೆಯದಾಗಿ ಒಂದು. ಸರ್ಕಾರ ದುಡ್ಡು ಕೊಟ್ಟರೆ ಪೇಟೆಂಟ್ ಅವರದ್ದಾಗುತ್ತಾ?

ಉತ್ತರ:
ಇಲ್ಲ, ಅದು ನಿಮ್ಮದೇ. 1980ರ ಬೇ-ಡೋಲ್ ಕಾನೂನು ಆ ಹಕ್ಕನ್ನು ಸಣ್ಣ ಕಂಪನಿಗೆ ಬಿಟ್ಟಿದೆ, ಸರ್ಕಾರ ತನ್ನ ಬಳಕೆಗೆ ಮಾತ್ರ ಲೈಸೆನ್ಸ್ ಇಟ್ಟುಕೊಳ್ಳುತ್ತದೆ. ಹೊಸದು ಕಂಡುಹಿಡಿದಾಗ ಗಡುವಿನೊಳಗೆ ಇಲಾಖೆಗೆ ತಿಳಿಸಬೇಕು, ಮರೆತರೆ ಹಕ್ಕಿಗೇ ಕುತ್ತು ಬರಬಹುದು. ಗ್ರಾಂಟ್ ಬಂದ ದಿನದಿಂದ ಟೈಮ್‌ಶೀಟ್ ಕೂಡ ದಿನಾ ಬರೆಯಿರಿ, ತಿಂಗಳ ಕೊನೆಗೆ ನೆನಪಿನಿಂದ ತುಂಬಬೇಡಿ.

ಹೊರಡುವ ಮೊದಲು ಇದನ್ನು ಗಮನಿಸಿ. ಈ ಯೋಜನೆಗೆ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಅವಧಿ ಹಾಕಿ ಅನುಮತಿ ಕೊಡುತ್ತದೆ. 2022ರಲ್ಲಿ ಕೊಟ್ಟದ್ದು 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಹೊಸದು ಆ ದಿನದೊಳಗೆ ಬರಲಿಲ್ಲ. ಈಗ ಅನುಮತಿ ಇದೆಯಾ ಅಂತ ಅರ್ಜಿ ಹಾಕುವ ಮೊದಲು ನೋಡಿಕೊಳ್ಳಿ. ಹಾಗಾಗಿ ಕೆಲಸಕ್ಕೆ ರಾಜೀನಾಮೆ ಕೊಡುವುದು ಗ್ರಾಂಟ್ ಪತ್ರಕ್ಕೆ ಸಹಿ ಬಿದ್ದ ಮೇಲೇ ಇರಲಿ. ಈ ಭಾನುವಾರ ಆ ಒಂದು ಅನುಮಾನವನ್ನು ಅರ್ಧ ಪುಟದಲ್ಲಿ ಬರೆದು ಇಲ್ಲೇ ಹಾಕಿ, ಗುಟ್ಟಿನ ಭಾಗ ಬಿಟ್ಟು. ನಾನು ಓದಿ ಹೇಳುತ್ತೇನೆ.