ಹೊಸ ಲ್ಯಾಪ್‌ಟಾಪಿನಲ್ಲಿ ಸಿ ಪ್ರೋಗ್ರಾಂ ಓಡ್ತಿಲ್ಲ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಇಂಜಿನಿಯರಿಂಗ್ ಮೊದಲ ವರ್ಷ. ವಿಂಡೋಸ್ 11ರಲ್ಲಿ ವಿಎಸ್ ಕೋಡ್ ಹಾಕಿದ್ದೇನೆ. ರನ್ ಕೊಟ್ಟರೆ ಜಿಸಿಸಿ (ಸಿ ಕಂಪೈಲರ್) ಅಂದರೇನು ಅಂತ ನನ್ನನ್ನೇ ಕೇಳುತ್ತೆ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಜಿಸಿಸಿ ಇದೆ, ಅಲ್ಲಿ ಬರೀ ಎರರ್. ಕಾಲೇಜಿನ ಹಳೆಯ ಕಂಪೈಲರ್ ಟರ್ಬೊ ಸಿಯಲ್ಲಿ ಅದೇ ಪ್ರೋಗ್ರಾಂ ಚೆನ್ನಾಗಿ ಓಡುತ್ತೆ. ಎಲ್ಲಿಂದ ಶುರು ಮಾಡಲಿ?

ಸೀನಿಯರ್ ಒಬ್ಬರು: ವಿಎಸ್ ಕೋಡ್ ಬರೀ ಎಡಿಟರ್. ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಕಂಪೈಲರ್ ಬೇರೆ ಹಾಕಿಕೊಳ್ಳಬೇಕು. ಜಿಸಿಸಿಯಂಥ ಸಾಧನಗಳನ್ನು ವಿಂಡೋಸ್‌ಗೆ ತರಿಸಿಕೊಡುವ ಎಂಎಸ್‌ವೈಎಸ್2 ಹಾಕಿ. ಅಷ್ಟಕ್ಕೇ ಜಿಸಿಸಿ ಬಂತು ಅಂದುಕೊಳ್ಳುವವರೇ ಜಾಸ್ತಿ. ಅದರ ಟರ್ಮಿನಲ್ ತೆರೆದು, ಪ್ಯಾಕ್‌ಮ್ಯಾನ್ ಕಮಾಂಡಿನಿಂದ ಜಿಸಿಸಿ ಪ್ಯಾಕೇಜ್ ತರಿಸಬೇಕು. ಆಮೇಲೆ ಯುಸಿಆರ್‌ಟಿ64 ಫೋಲ್ಡರಿನೊಳಗಿನ ಬಿನ್ ಅನ್ನು ಪಾತ್‌ಗೆ (ಕಮಾಂಡುಗಳನ್ನು ವಿಂಡೋಸ್ ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಿ. ವಿಎಸ್ ಕೋಡ್ ಪೂರ್ತಿ ಮುಚ್ಚಿ ತೆರೆಯಿರಿ, ಮೊದಲೇ ತೆರೆದಿದ್ದ ಟರ್ಮಿನಲ್‌ಗೆ ಹೊಸ ಪಾತ್ ಕಾಣಿಸುವುದಿಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಜಿಸಿಸಿ’ ಕೊಟ್ಟು ನೋಡಿ. ಎರಡು ಸಾಲು ಬಂದರೆ ಮೊದಲಿನದೇ ಓಡುವುದು. ಎಂದೋ ಹಾಕಿದ ಹಳೆಯ ಮಿನ್‌ಜಿಡಬ್ಲ್ಯು (ವಿಂಡೋಸ್‌ಗಾಗಿ ಮಾಡಿದ ಜಿಸಿಸಿ) ಅಲ್ಲಿ ಕೂತಿರುತ್ತೆ. (ಪವರ್‌ಶೆಲ್‌ನಲ್ಲಿ ಬರೀ ‘ವೇರ್’ ಅಂದರೆ ಬೇರೆಯೇ ಕಮಾಂಡ್. ಅಲ್ಲಿ ‘ವೇರ್ ಡಾಟ್ ಇಎಕ್ಸ್‌ಇ’ ಅನ್ನಬೇಕು.)

ಲ್ಯಾಬ್‌ನಲ್ಲಿ ಪಾಠ ಮಾಡುವವರು: ಗೆಳೆಯನ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಪ್ರೋಗ್ರಾಂ ಹಳೆಯ ಕಾಲದ್ದು. ‘ಕ್ಲಿಯರ್ ಸ್ಕ್ರೀನ್’ಗೆ ಬರೆಯುವ ಸಿಎಲ್‌ಆರ್‌ಎಸ್‌ಸಿಆರ್ ಟರ್ಬೊ ಸಿಯ ಸ್ವಂತ ಸರಕು. ವಿಂಡೋಸ್ ಜಿಸಿಸಿಯಲ್ಲಿ ಕೊನಿಯೊ ಹೆಡರ್ (ಫಂಕ್ಷನ್‌ಗಳ ಪರಿಚಯ ಇರುವ ಫೈಲ್) ಇದೆ, ಕೀ ಒತ್ತುವವರೆಗೆ ಕಾಯುವ ಗೆಟ್‌ಸಿಎಚ್ ಕೂಡ ಇದೆ, ಸಿಎಲ್‌ಆರ್‌ಎಸ್‌ಸಿಆರ್ ಇಲ್ಲ. ಸುಮ್ನೆ ಆ ಸಾಲು ತೆಗೆಯಿರಿ. ಇನ್ನೊಂದು ಮುಖ್ಯ ವಿಷಯ. ಹೆಡರ್ ಹಾಕದೆ ಫಂಕ್ಷನ್ ಕರೆದರೆ ಹಳೆಯ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ಎರರ್. ಮೆಮೊರಿ ಕೇಳುವ ಮ್ಯಾಲಾಕ್ ಬಳಸಿ ಎಸ್‌ಟಿಡಿಲಿಬ್ ಹೆಡರ್ ಮರೆತ ಲ್ಯಾಬ್ ಪ್ರೋಗ್ರಾಂಗಳು ಈಗ ಕಂಪೈಲ್ ಆಗದಿರುವುದು ಇದಕ್ಕೇ. ಉತ್ತರವೂ ಬದಲಾಗಬಹುದು, ಗಮನಿಸಿ. ಟರ್ಬೊ ಸಿಯಲ್ಲಿ ಇಂಟ್ (ಪೂರ್ಣಾಂಕ) 16 ಬಿಟ್, 32767 ದಾಟುವುದಿಲ್ಲ. ಇಂಟ್‌ನಲ್ಲಿ 8ರ ಫ್ಯಾಕ್ಟೋರಿಯಲ್ ಕೇಳಿದರೆ ಅದು -25216 ಅನ್ನುತ್ತೆ, ಜಿಸಿಸಿ ಸರಿಯಾಗಿ 40320 ಕೊಡುತ್ತೆ. ಪರೀಕ್ಷೆಗೆ ಬೇಕಾದಷ್ಟು ಮಾತ್ರ ಟರ್ಬೊ ಸಿ ಮುಟ್ಟಿ ಅನ್ನುವುದು ನನ್ನ ಅಭಿಪ್ರಾಯ.

ಲಿನಕ್ಸ್ ಬಳಸುವವರು: ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಬಂದರೆ ಅದು ಕಂಪೈಲ್ ಆದ ಭಾಗಗಳನ್ನು ಜೋಡಿಸುವ ಲಿಂಕರ್ ಮಾತು, ಸೆಮಿಕೋಲನ್ ಹುಡುಕುತ್ತಾ ಕೂರಬೇಡಿ. ವಿಂಡೋಸ್‌ನಲ್ಲಿ ವಿನ್‌ಮೇನ್ ಹೆಸರು ಕಂಡರೆ ಮೇನ್ ಫಂಕ್ಷನ್ ಸಿಕ್ಕಿಲ್ಲ ಅಂತ ಅರ್ಥ. ಎಷ್ಟೋ ಸಲ ಫೈಲ್ ಸೇವ್ ಆಗಿರುವುದಿಲ್ಲ, ಅಷ್ಟೇ! ಲಿನಕ್ಸ್‌ನಲ್ಲಿ ವರ್ಗಮೂಲದ ಫಂಕ್ಷನ್‌ಗೆ ಹೀಗೆ ಬಂದರೆ ಕಮಾಂಡಿನ ಕೊನೆಯಲ್ಲಿ, ಫೈಲ್ ಹೆಸರು ಆದಮೇಲೆ, ‘ಮೈನಸ್ ಎಲ್‌ಎಂ’ ಸೇರಿಸಿ.

ಮತ್ತೆ ಸೀನಿಯರ್: ‘ಪರ್ಮಿಷನ್ ಡಿನೈಡ್’ ಬಂದರೆ ಹಿಂದಿನ ಸಲದ ಪ್ರೋಗ್ರಾಂ ಇನ್ನೂ ಓಡುತ್ತಿದೆಯಾ ನೋಡಿ, ಮುಚ್ಚಿ. ಎರರ್ ರಾಶಿ ಬಿದ್ದಾಗ ಮೇಲಿನ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಕಂಪೈಲ್ ಮಾಡಿ, ಉಳಿದವು ಎಷ್ಟೋ ಸಲ ತಾವೇ ಹೋಗುತ್ತವೆ. ಎರರ್ ತೋರಿಸುವ ಸಾಲು ಸರಿ ಇದ್ದರೆ ಹಿಂದಿನ ಸಾಲು ನೋಡಿ. ಆದರೂ ಆಗಲಿಲ್ಲವಾ? ಆ ಮೊದಲ ಎರರ್ ಅನ್ನು ಹಾಗೇ ಕಾಪಿ ಮಾಡಿ, ಜಿಸಿಸಿ ವರ್ಷನ್ ಸೇರಿಸಿ ಇಲ್ಲಿ ಹಾಕಿ. ಮೊಬೈಲಿನಲ್ಲಿ ಹೊಡೆದ ಸ್ಕ್ರೀನ್ ಫೋಟೊ ಬೇಡ.