ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ ಎಂದರೆ

ಅಕ್ಕಾ, ನಮಸ್ಕಾರ. ಮೊನ್ನೆಯ ಆಲಿಕಲ್ಲು ಮಳೆಯ ನಂತರ ಮನೆಬಾಗಿಲಿಗೆ ಬಂದ ಸೂರು ದುರಸ್ತಿಯ ಕಂಟ್ರಾಕ್ಟರ್ ಒಬ್ಬ "ಡಿಡಕ್ಟಿಬಲ್ ಚಿಂತೆ ಬಿಡಿ, ಅದನ್ನು ನಾವು ನೋಡಿಕೊಳ್ಳುತ್ತೇವೆ, ವಿಮೆಯವರ ಹತ್ತಿರವೂ ನಾವೇ ಮಾತನಾಡುತ್ತೇವೆ" ಎಂದು ಹೇಳಿ ಟ್ಯಾಬ್ಲೆಟ್‌ನಲ್ಲಿ ಸಹಿ ಕೇಳುತ್ತಿದ್ದಾನೆ, ಹಾಕಬಹುದೇ ಎಂದು ಗುಂಪಿನಲ್ಲಿ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಆತ ಕೊಟ್ಟ ಆ ಎರಡು ಭರವಸೆಗಳೂ ಟೆಕ್ಸಸ್‌ನಲ್ಲಿ ಕಾನೂನಿಗೆ ವಿರುದ್ಧವಾದವು. ಸಂದೇಶ ಸ್ವಲ್ಪ ಉದ್ದವಾಗುತ್ತದೆ, ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳಿ.

ಮೊದಲು ಡಿಡಕ್ಟಿಬಲ್ ವಿಷಯ, ಅಂದರೆ ದುರಸ್ತಿಯ ಖರ್ಚಿನಲ್ಲಿ ವಿಮೆ ಕೊಡದೆ ನಮ್ಮ ಪಾಲಿಗೆ ಬಿಡುವ ಮೊತ್ತ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಇಲ್ಲಿನ ಕಾನೂನಿನ ಪ್ರಕಾರ, ಆ ಹಣವನ್ನು ಮನೆಯ ಮಾಲೀಕರೇ ಕಟ್ಟಬೇಕು. ಕಂಟ್ರಾಕ್ಟರ್ ಅದನ್ನು ಮನ್ನಾ ಮಾಡುತ್ತೇನೆಂದರೆ ಅದು ಅಪರಾಧ, ಅದಕ್ಕೆ 180 ದಿನಗಳವರೆಗೆ ಜೈಲು ಆಗಬಹುದು. ಕೊನೆಯ ಕಂತು ಬಿಡುಗಡೆ ಮಾಡುವ ಮೊದಲು "ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಪುರಾವೆ ಕೊಡಿ" ಎಂದು ಕೇಳುವ ಅಧಿಕಾರ ವಿಮಾ ಕಂಪನಿಗೆ ಇದೆ. ಆಗ ಬ್ಯಾಂಕಿನಲ್ಲಿ ನಗದಾದ ಚೆಕ್ಕನ್ನೋ ಕಾರ್ಡಿನ ರಸೀದಿಯನ್ನೋ ತೋರಿಸಬೇಕಾದವರು ನೀವು. ಅಷ್ಟು ಹೊತ್ತಿಗೆ ಆ ಮನುಷ್ಯ ಇನ್ನೊಂದು ಊರಿನ ಆಲಿಕಲ್ಲಿನ ಹಿಂದೆ ಹೋಗಿರುತ್ತಾನೆ.

ಲೆಕ್ಕ ಹೀಗೆ ಹಾಕಿ. ಮನೆಯ ವಿಮೆ 5,00,000 ಡಾಲರ್, ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಶೇಕಡಾ 2 ಎಂದಾದರೆ ನಿಮ್ಮ ಪಾಲು 10,000 ಡಾಲರ್. ಹೊಸ ಸೂರಿಗೆ 24,000 ಆಗುತ್ತದೆ, ಹಳೆಯ ಶಿಂಗಲ್‌ಗಳ (ಇಲ್ಲಿ ಹಂಚಿನ ಬದಲು ಸೂರಿಗೆ ಹೊದಿಸುವ ಹಾಳೆಗಳು) ಸವಕಳಿ 8,000 ಎಂದು ಅಡ್ಜಸ್ಟರ್, ಅಂದರೆ ವಿಮಾ ಕಂಪನಿಯ ಪರವಾಗಿ ಹಾನಿಯ ಲೆಕ್ಕ ಹಾಕುವವರು, ಬರೆದರೆ, ಮೊದಲ ಚೆಕ್ 6,000 ಮಾತ್ರ ಬರುತ್ತದೆ. ಹೊಸದಕ್ಕೆ ತಗಲುವ ಬೆಲೆ ಕೊಡುವ, ಪೂರ್ಣ ಬದಲಿ ಬೆಲೆಯ ಪಾಲಿಸಿಯಾಗಿದ್ದರೆ, ಕೆಲಸ ಮುಗಿಸಿ ಬಿಲ್ಲು ಕಳುಹಿಸಿದ ಮೇಲೆ ಆ 8,000 ಬರುತ್ತದೆ. ಸವಕಳಿ ಕಳೆದೇ ಕೊಡುವ, ವಾಸ್ತವ ನಗದು ಮೌಲ್ಯದ ಪಾಲಿಸಿಯಾಗಿದ್ದರೆ ಅದು ಬರುವುದೇ ಇಲ್ಲ. ಹತ್ತು ಸಾವಿರ ಕೈಯಿಂದ ಹೋಗುತ್ತದೆಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ನನಗೂ ಉರಿದಿತ್ತು. ಆ ಉರಿಯನ್ನೇ ಇವರು ಬಂಡವಾಳ ಮಾಡಿಕೊಳ್ಳುತ್ತಾರೆ. ಮನ್ನಾ ಮಾಡಿದ ಮೊತ್ತವನ್ನು ಒಂದೋ ಬಿಲ್ಲಿನಲ್ಲಿ ಸುಳ್ಳು ಬರೆದು ಸರಿದೂಗಿಸುತ್ತಾರೆ, ಇಲ್ಲವೇ ಕಳಪೆ ಸಾಮಾನು ಹಾಕುತ್ತಾರೆ.

ಎರಡನೆಯದು, ವಿಮೆಯವರ ಜೊತೆ ಮಾತುಕತೆ. ತನ್ನ ಕೆಲಸದ ಅಳತೆ, ದರಗಳನ್ನು ಕಂಟ್ರಾಕ್ಟರ್ ಅಡ್ಜಸ್ಟರ್‌ಗೆ ವಿವರಿಸಬಹುದು. ಆದರೆ ತಾನೇ ದುರಸ್ತಿ ಮಾಡುವ ಮನೆಯ ಕ್ಲೇಮಿಗಾಗಿ ನಿಮ್ಮ ಪರವಾಗಿ ಚೌಕಾಸಿ ಮಾಡುವಂತಿಲ್ಲ. ಈ ನಿಷೇಧವನ್ನು ಪ್ರಶ್ನಿಸಿ ಸೂರಿನ ಕಂಪನಿಯೊಂದು ಹಾಕಿದ್ದ ದಾವೆಯಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ನಿಷೇಧವನ್ನೇ ಎತ್ತಿಹಿಡಿಯಿತು. ಆದ್ದರಿಂದ ಕ್ಲೇಮನ್ನು ನೀವೇ ಫೋನ್ ಮಾಡಿ ದಾಖಲಿಸಿ. ಸಾಮಾನ್ಯವಾಗಿ ಅವರು 15 ದಿನಗಳೊಳಗೆ ಅದನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಕೇಳಿದ ಕಾಗದಗಳೆಲ್ಲ ಕೈಸೇರಿದ 15 ವ್ಯವಹಾರ ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಎಳೆದಾಡಿದರೆ ಟೆಕ್ಸಸ್ ವಿಮಾ ಇಲಾಖೆಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ನಮ್ಮ ಮನೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಊರಿನಿಂದ ಬಂದಿದ್ದ ಅಪ್ಪ ಬಾಗಿಲು ತೆಗೆದು, "ಉಚಿತ ತಪಾಸಣೆ" ಎಂದವನನ್ನು ಮೇಲೆ ಹತ್ತಿಸಿದ್ದರು. ನಮ್ಮೂರಲ್ಲಿ ಒಡೆದ ಹಂಚು ತೆಗೆದು ಬೇರೆ ಹಂಚು ಕೂರಿಸಿದರೆ ಮುಗಿಯಿತಲ್ಲ, ಅವರಿಗೆ ಇದೂ ಹಾಗೆಯೇ ಕಂಡಿತ್ತು. ಸಂಜೆ ನೋಡಿದರೆ ಶಿಂಗಲ್‌ಗಳ ಮೇಲೆ ಹಾನಿ ಗುರುತಿಸಿದ ಸೀಮೆಸುಣ್ಣದ ಸುತ್ತುಗಳು, ಡೈನಿಂಗ್ ಟೇಬಲ್ ಮೇಲೆ ಅಪ್ಪನ ಸಹಿ ಇರುವ ಹಾಳೆ. "ತಪಾಸಣೆಗೆ ಅನುಮತಿ" ಎಂದು ಹೇಳಿ ಸಹಿ ಹಾಕಿಸಿಕೊಂಡ ಆ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ವಿಮೆ ಒಪ್ಪಿದರೆ ಕೆಲಸ ಇವರಿಗೇ ಕೊಡಬೇಕು ಎಂದಿತ್ತು. ಅಪ್ಪ ಮನೆಯ ಮಾಲೀಕರಲ್ಲ ಎಂಬುದು ನಮ್ಮ ಅದೃಷ್ಟ. ಆದರೂ ಮರುದಿನವೇ ರದ್ದತಿ ಪತ್ರ ಬರೆದು ಅಂಚೆಗೆ ಹಾಕಿ, ರಸೀದಿ ಇಟ್ಟುಕೊಂಡೆ. ಮನೆಬಾಗಿಲಿನಲ್ಲಿ ಆದ ಒಪ್ಪಂದವನ್ನು ಸಾಮಾನ್ಯವಾಗಿ ಮೂರನೆಯ ವ್ಯವಹಾರ ದಿನದ ಮಧ್ಯರಾತ್ರಿಯೊಳಗೆ ಬರಹದಲ್ಲಿ ರದ್ದುಮಾಡುವ ಹಕ್ಕು ನಮಗಿದೆ. ಈ ಲೆಕ್ಕದಲ್ಲಿ ಶನಿವಾರವೂ ವ್ಯವಹಾರ ದಿನವೇ, ಮರೆಯಬೇಡಿ.

ಇನ್ನು ಯಾರನ್ನು ಆರಿಸುವುದು ಎಂಬುದು. ಟೆಕ್ಸಸ್‌ನಲ್ಲಿ ಕ್ಷೌರ ಮಾಡಲು ರಾಜ್ಯದ ಪರವಾನಗಿ ಬೇಕು, ಸೂರು ಹೊದಿಸಲು ಬೇಡ! ಹಾಗಾಗಿ "ಲೈಸೆನ್ಸ್ ಇದೆ" ಎಂಬ ಮಾತಿಗೆ ಮರುಳಾಗದೆ, ಅವರ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರವನ್ನು ನೇರವಾಗಿ ಅವರ ವಿಮಾ ಏಜೆಂಟರಿಂದಲೇ ತರಿಸಿಕೊಳ್ಳಿ. ಮುಂಗಡವಾಗಿ ಪೂರ್ತಿ ಹಣ ಕೊಡಬೇಡಿ. ಕೊನೆಯ ಹಣ ಕೊಡುವಾಗ, ಶಿಂಗಲ್ ಅಂಗಡಿಯವರಿಗೂ ಕೂಲಿಯವರಿಗೂ ಬಾಕಿ ಇಲ್ಲ, ಮನೆಯ ಮೇಲೆ ಲೀನ್ (ಬಾಕಿಗಾಗಿ ಆಸ್ತಿಯ ಮೇಲಿನ ಹಕ್ಕು) ಹಾಕುವುದಿಲ್ಲ ಎಂಬ ಬಿಡುಗಡೆ ಪತ್ರ ಪಡೆಯಿರಿ. ವಿಮೆಯ ಚೆಕ್ಕಿನ ಮೇಲೆ ನಿಮ್ಮ ಹೆಸರಿನ ಜೊತೆ ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರಬಹುದು. ಅವರ ಸಹಿಗೆ ವಾರಗಳೇ ಹಿಡಿಯಬಹುದು, ಈಗಲೇ ವಿಚಾರಿಸಿಡಿ.

ಸದ್ಯಕ್ಕೆ ಶಿಂಗಲ್‌ಗಳಿಂದ ಉದುರಿ ಸೂರಿನಂಚಿನ ಗಟರ್‌ನಲ್ಲಿ ಬಿದ್ದಿರುವ ಕಪ್ಪು ಹರಳುಗಳ, ತಗಡಿನ ವೆಂಟ್‌ಗಳ ಮೇಲಿನ ತಗ್ಗುಗಳ ಫೋಟೋ ತೆಗೆದಿಡಿ. ನೀವು ಮೇಲೆ ಹತ್ತಬೇಡಿ, ಕೆಳಗಿನಿಂದಲೇ ಜೂಮ್ ಮಾಡಿ. ಪಾಲಿಸಿಯ ಮೊದಲ ಪುಟವನ್ನು, ನಂಬರ್ ಮುಚ್ಚಿ, ನನಗೊಬ್ಬನಿಗೇ ಕಳುಹಿಸಿ. ಡಿಡಕ್ಟಿಬಲ್ ಶೇಕಡಾ 1 ಇದೆಯೋ 2 ಇದೆಯೋ ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ.